ಹೊರೆ: ತಲೆಯಿಂದ ತಂತಿಗೆ

ಬ್ರಹ್ಮಕಲಶ ಬಂತೆಂದರೆ ನಮ್ಮ ಕಡೆ ಯಾರೂ ಸುಮ್ಮನೆ ಕೂರುವ ಹಾಗಿಲ್ಲ. ಒಬ್ಬರಿಗೆ ಚಪ್ಪರ, ಒಬ್ಬರಿಗೆ ಪಾರ್ಕಿಂಗು, ಇನ್ನೊಬ್ಬರಿಗೆ ಸ್ವಯಂಸೇವಕರ ಟೀಶರ್ಟು. ವಿಟ್ಲದ ಪಕ್ಕದ ನಮ್ಮೂರಿನ ದೇವಸ್ಥಾನದಲ್ಲಿ ನನ್ನ ಪಾಲಿಗೆ ಬಂದದ್ದು ಉಗ್ರಾಣ. ಊರವರು ಬೆಳೆದದ್ದನ್ನು ದೇವಸ್ಥಾನಕ್ಕೆ ಒಪ್ಪಿಸುವ ಹಸಿರುವಾಣಿ ಹೊರೆಕಾಣಿಕೆಯ ಮೆರವಣಿಗೆ ಮಧ್ಯಾಹ್ನ ಮೂರಕ್ಕೆ ಗದ್ದೆಗಿಳಿಯಿತು. ಮುಂದೆ ಚೆಂಡೆ, ಹಿಂದೆ ಪಿಕಪ್ಪು, ಜೀಪು, ಟೆಂಪೊ, ಕಡೆಯಲ್ಲಿ ತಲೆಯ ಮೇಲೆ ಹೊತ್ತು ತಂದ ಹಳಬರು ಕೆಲವರು. ಮೊದಲ ಪಿಕಪ್ಪಿನ ಟಾರ್ಪಾಲು ಸರಿಸಿದರೆ ಸೌತೆಕಾಯಿ. ಎರಡನೆಯದರಲ್ಲೂ ಸೌತೆಕಾಯಿ. ಮೂರನೆಯದರ ಹಿಂಬಾಗಿಲು ತೆಗೆಯುವಾಗ ಅಡುಗೆಯ ಭಟ್ಟರು ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು. "ಇದೂ ಸೌತೆ ಆದ್ರೆ ನಾನು ಮನೆಗೆ ಹೋಗ್ತೇನೆ ಮಾರಾಯ್ರೆ" ಎಂದರು. ಸೌತೆಯೇ.

ಅದೇ ಹೊತ್ತಿಗೆ ವಯರ್‌ಮ್ಯಾನ್ ಒಬ್ಬ ಅರ್ಜಿ ಹಿಡಿದುಕೊಂಡು ಬಂದ. ಉತ್ಸವದ ದೀಪಾಲಂಕಾರಕ್ಕೆ ತಾತ್ಕಾಲಿಕ ಸಂಪರ್ಕ ಬೇಕಿತ್ತು. "ಲೋಡು ಎಷ್ಟು ಅಂತ ಬರೆಯುವುದು?" ಎಂದು ಕೇಳಿದ. ಸಮಿತಿಯಲ್ಲಿದ್ದ ನಿವೃತ್ತ ಕನ್ನಡ ಮಾಸ್ತರು ಕನ್ನಡಕದ ಮೇಲಿಂದ ನೋಡಿದರು. "ಲೋಡು ಅಂದ್ರೆ ಹೊರೆ. ಹೊರೆ ಎಷ್ಟು ಬಂದಿದೆ ಅಂತ ಇವರನ್ನು ಕೇಳು, ಉಗ್ರಾಣದಲ್ಲಿ ಇರುವವರು ಇವರು." ಎಲ್ಲರೂ ನಕ್ಕರು. ಮಾಸ್ತರು ಮಾತ್ರ ನಗಲಿಲ್ಲ. ಅವರು ಹೇಳಿದ್ದು ತಮಾಷೆಗಿರಲಿಲ್ಲವೆಂದು ಆಮೇಲೆ ಪದಕೋಶ ತೆರೆದಾಗ ತಿಳಿಯಿತು.

ಹಳಗನ್ನಡಕ್ಕೆ ಹೋದರೆ 'ಹೊರೆ' ಒಂದೇ ಪದವಲ್ಲ. ಭಾರ ಎಂಬ ಅರ್ಥದ್ದು 'ಪೊಱೆ'. 'ಪೊಱು' ಎಂಬ ಕ್ರಿಯೆಯಿಂದ ಹುಟ್ಟಿದ್ದು. ಈಗ ನಮ್ಮ ಅಕ್ಷರಮಾಲೆಯಲ್ಲಿ ಇಲ್ಲದ ಆ ಱ ಅಕ್ಷರಕ್ಕೆ ವ್ಯಾಕರಣದಲ್ಲಿ ಶಕಟರೇಫ ಎಂದು ಹೆಸರು. ಶಕಟ ಎಂದರೆ ಬಂಡಿ, ಹಾಗಾಗಿ ಬಂಡಿ ರ. ಭಾರ ಹೇಳುವ ಪದದ ಹೊಟ್ಟೆಯಲ್ಲೇ ಒಂದು ಎತ್ತಿನ ಗಾಡಿ ನಿಂತಿತ್ತು! ಇನ್ನೊಂದು ಪದ 'ಪೊರೆ', ಮಾಮೂಲಿ ರಕಾರದ್ದು. ಸಲಹು, ಸಾಕು ಎಂದು ಅದರ ಅರ್ಥ. ದೇವರನ್ನು ಪೊರೆ ಎಂದು ಬೇಡಿಕೊಳ್ಳುವುದು ಇದರಿಂದ. ಮತ್ತೊಂದು 'ಪೊರೆ' ಹತ್ತಿರ, ಮಗ್ಗುಲು ಎನ್ನುತ್ತದೆ. ಹಾವು ಕಳಚುವ ಪೊರೆ, ಕಣ್ಣಿಗೆ ಬರುವ ಪೊರೆ ಇವುಗಳದ್ದು ಬೇರೆಯೇ ಮನೆ, ಅದು ಪದರ.

ಆಮೇಲೆ ಕನ್ನಡದ ಮೇಲೆ ಎರಡು ಅಲೆ ಹಾದುಹೋದವು. ಪುಲಿಯನ್ನು ಹುಲಿ ಮಾಡಿದ, ಪಾಲನ್ನು ಹಾಲು ಮಾಡಿದ ಅಲೆ ಒಂದು. ಬಂಡಿ ರವನ್ನು ಸಾದಾ ರದೊಳಗೆ ಕರಗಿಸಿದ ಅಲೆ ಇನ್ನೊಂದು. ಎರಡೂ ಇಳಿದ ಮೇಲೆ ನೋಡಿದರೆ ಮೂರು ಬೇರೆ ಬೇರೆ ಪದಗಳು ಒಂದೇ ಅಂಗಿ ತೊಟ್ಟು ನಿಂತಿದ್ದವು. ತಲೆಯ ಮೇಲಿನದೂ ಹೊರೆ, 'ಹೊಟ್ಟೆ ಹೊರೆಯುವುದು' ಎಂಬಲ್ಲಿ ಸಲಹುವುದೂ ಹೊರೆ, 'ನೆರೆಹೊರೆ' ಎಂಬಲ್ಲಿ ಪಕ್ಕದ ಮನೆಯೂ ಹೊರೆ. ಬರೆಯುವಾಗಲೂ ಆಡುವಾಗಲೂ ವ್ಯತ್ಯಾಸ ಉಳಿಯಲಿಲ್ಲ. 1894ರಲ್ಲಿ ಮಂಗಳೂರಿನಿಂದ ಹೊರಬಂದ ಕಿಟೆಲ್ಲರ ಕೋಶದಲ್ಲಿ ಬಂಡಿ ರ ಇನ್ನೂ ಅಚ್ಚಾಗಿರುವುದರಿಂದ ಯಾವುದು ಯಾರ ಮನೆಯ ಮಗು ಎಂದು ಗೊತ್ತಾಗುತ್ತದೆ, ಅಷ್ಟೆ.

ತುಳುವಿನವರು ಮೊದಲನೆಯ ಅಲೆಗೆ ಸಿಕ್ಕವರಲ್ಲ. ಅವರ ಹುಲಿ ಇವತ್ತಿಗೂ ಪಿಲಿ, ಅವರ ಹೊರೆ ಇವತ್ತಿಗೂ ಪುದೆ. ವಿಟ್ಲದ ಪೇಟೆಯಲ್ಲಿ ಕನ್ನಡ, ತುಳು, ಬ್ಯಾರಿ, ಮಲಯಾಳ, ಮರಾಠಿ ಎಲ್ಲ ಒಂದೇ ಹೋಟೆಲಿನ ಬೆಂಚಿನಲ್ಲಿ ಕೂತು ಚಾ ಕುಡಿಯುವ ಕಾರಣ ಒಂದು ಭಾಷೆಯಲ್ಲಿ ಸವೆದದ್ದು ಇನ್ನೊಂದರಲ್ಲಿ ಸಿಗುತ್ತದೆ. ನಿಜ ಹೇಳಬೇಕೆಂದರೆ ದಿನದ ಮಾತಿನಲ್ಲಿ ನಾವು ಹೊರೆ ಎನ್ನುವುದು ಕಡಿಮೆ. ಸೊಪ್ಪಿನದೂ ಕಟ್ಟ, ಹುಲ್ಲಿನದೂ ಕಟ್ಟ. ನನ್ನ ಅಮ್ಮ ಗುಡ್ಡೆಯಿಂದ ಸೊಪ್ಪಿನ ಕಟ್ಟ ಹೊತ್ತು ಇಳಿಯುತ್ತಿದ್ದಳೇ ಹೊರತು ಹೊರೆ ಅಲ್ಲ. ಹಳೆಯ ಬೈರಾಸು ಸುತ್ತಿ ಮಾಡಿದ ಸಿಂಬಿ ತಲೆಯ ಮೇಲೆ, ಅದರ ಮೇಲೆ ಅವಳಿಗಿಂತ ಅಗಲದ ಕಟ್ಟ, ಕೆಳಗೆ ಎರಡು ಕಾಲು. ದೂರದಿಂದ ಒಂದು ಪೊದೆ ನಡೆದುಬರುತ್ತಿದೆ ಅನ್ನಿಸುತ್ತಿತ್ತು. ಹೊರೆ ಎಂಬ ಪದ ನಮ್ಮಲ್ಲಿ ಉಳಿದದ್ದು ಮುಖ್ಯವಾಗಿ ದೇವರ ಬಾಬ್ತಿನಲ್ಲಿ, ಹೊರೆಕಾಣಿಕೆಯಲ್ಲಿ. ಮತ್ತೆ ಪತ್ರಿಕೆಗಳಲ್ಲಿ: ಸಾಲದ ಹೊರೆ, ತೆರಿಗೆಯ ಹೊರೆ, ಪ್ರತಿ ವರ್ಷ ತಪ್ಪದೆ ವಿದ್ಯುತ್ ದರ ಏರಿಕೆಯ ಹೊರೆ.

ಇಂಗ್ಲಿಷಿನ ಲೋಡಿಗೂ ಇಂಥದೇ ಒಂದು ಪೂರ್ವಾಶ್ರಮ ಇದೆ. ಅದು ಹಳೆಯ ಇಂಗ್ಲಿಷಿನಲ್ಲಿ ದಾರಿ, ಪಯಣ, ಒಯ್ಯುವುದು ಎಂಬ ಅರ್ಥದ ಪದ. ಮುನ್ನಡೆಸು ಎಂಬ ಅರ್ಥದ 'ಲೀಡ್' ಅದರ ರಕ್ತಸಂಬಂಧಿ. ಒಯ್ಯುವ ಕೆಲಸದ ಹೆಸರು ಒಯ್ಯುವ ವಸ್ತುವಿಗೆ ಅಂಟಿ, ಕಡೆಗೆ ಭಾರವೇ ಆಯಿತು. ನಮ್ಮಲ್ಲಿಗೆ ಬರುವಾಗ ಅದು ಲಾರಿ ಹತ್ತಿ ಬಂತು: ಕೆಂಪುಕಲ್ಲಿನ ಲೋಡು, ಹಟ್ಟಿಗೊಬ್ಬರದ ಲೋಡು, ಹೊಯಿಗೆಯ ಲೋಡು. ಅದರ ಹಿಂದಿನಿಂದಲೇ ಕರೆಂಟಿನ ಲೋಡು.

ಈ ಕರೆಂಟಿನ ಲೋಡು ತೀರ ವಿಚಿತ್ರದ್ದು. ತೂಕವಿಲ್ಲ, ಕಣ್ಣಿಗೆ ಕಾಣದು, ಕೆಳಗಿಳಿಸಿ ಇಡುವ ಹಾಗೂ ಇಲ್ಲ. ತಂತಿಯಲ್ಲಿ ಕರೆಂಟನ್ನು ಶೇಖರಿಸಿಡಲು ಬರುವುದಿಲ್ಲ. ಎಲ್ಲೋ ಒಬ್ಬ ಸ್ವಿಚ್ ಹಾಕಿದ ಕ್ಷಣಕ್ಕೆ ಇನ್ನೆಲ್ಲೋ ಒಂದು ಯಂತ್ರ ಅಷ್ಟೇ ಹೆಚ್ಚು ಹೊರಬೇಕು. ರಾಯಚೂರಿನಲ್ಲೋ ಪಡುಬಿದ್ರಿ ಹತ್ತಿರದ ಎಲ್ಲೂರಿನಲ್ಲೋ ಕಲ್ಲಿದ್ದಲಿನ ಸ್ಥಾವರದ ಟರ್ಬೈನು ನಿಮಿಷಕ್ಕೆ 3000 ಸುತ್ತು ಸುತ್ತುತ್ತದೆ. ಅಂದರೆ ಸೆಕೆಂಡಿಗೆ 50. ಇಡೀ ದೇಶದ ತಂತಿಗಳಲ್ಲಿ ಕರೆಂಟಿನ ನಾಡಿ ಹೊಡೆದುಕೊಳ್ಳುವುದೂ ಇದೇ ಲೆಕ್ಕದಲ್ಲಿ. ಹೊರೆ ಹೆಚ್ಚಾದರೆ ಹೊತ್ತವನ ಹೆಜ್ಜೆ ಸಣ್ಣದಾಗುವ ಹಾಗೆ ಈ ಸುತ್ತು ನಿಧಾನವಾಗುತ್ತದೆ. ಹೊರೆ ಇಳಿದರೆ ಹೆಜ್ಜೆ ಜೋರು. ನಿಯಮದ ಪ್ರಕಾರ ನಾಡಿ 49.90ರಿಂದ 50.05ರ ನಡುವೆ ಇರಬೇಕು. 49.4ಕ್ಕೆ ಇಳಿಯಿತೆಂದರೆ ಯಾರನ್ನೂ ಕೇಳದೆ ರಿಲೇಗಳು ಊರಿಗೆ ಊರನ್ನೇ ಕಳಚಿ ಹಾಕತೊಡಗುತ್ತವೆ. ಅಮ್ಮ ಗುಡ್ಡೆಯ ಇಳಿಜಾರಿನಲ್ಲಿ ಕಾಲು ಜಾರುವ ಅಂದಾಜಾದರೆ ಕಟ್ಟವನ್ನು ಒಂದೇ ಸಲ ಬದಿಗೆ ಎಸೆದುಬಿಡುತ್ತಿದ್ದಳಲ್ಲ, ಅದೇ ಬುದ್ಧಿ.

ಆ ಎಸೆಯುವ ಕೆಲಸಕ್ಕೆ ಇಂಗ್ಲಿಷಿನ ಹೆಸರು ಲೋಡ್ ಶೆಡ್ಡಿಂಗ್. ಕರ್ನಾಟಕಕ್ಕೆ ಅದು ಚೆನ್ನಾಗಿ ಪರಿಚಯವಾದದ್ದು ಮಳೆ ಕೈಕೊಟ್ಟ ವರ್ಷಗಳಲ್ಲಿ. ಈ ರಾಜ್ಯದ ಕರೆಂಟು ಹುಟ್ಟಿದ್ದೇ ನೀರಿನಲ್ಲಿ. 1902ರ ಜೂನ್ 30ಕ್ಕೆ ಶಿವನಸಮುದ್ರದಿಂದ 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ತಂತಿ ಹೊತ್ತದ್ದು ಮೊದಲ ಹೊರೆ. ಬೆಂಗಳೂರಿನ ಬೀದಿದೀಪ ಅದಕ್ಕಾಗಿ 1905ರ ತನಕ ಕಾಯಬೇಕಾಯಿತು. 1948ರಲ್ಲಿ ಜೋಗ, 1960ರ ದಶಕದಲ್ಲಿ ಶರಾವತಿ. ಶರಾವತಿಯ ಹತ್ತು ಯಂತ್ರಗಳು ಸೇರಿ 1035 ಮೆಗಾವ್ಯಾಟ್. 1985ರಲ್ಲಿ ರಾಯಚೂರಿನಲ್ಲಿ ಕಲ್ಲಿದ್ದಲು ಉರಿಯುವವರೆಗೆ ಆಗಸ ನೋಡಿಯೇ ಸ್ವಿಚ್ ಹಾಕುವ ಸ್ಥಿತಿ. ನನ್ನ ಅಜ್ಜಿಯ ಬಾಯಲ್ಲಿ ಲೋಡ್ ಶೆಡ್ಡಿಂಗ್ 'ಲೋಡ್ ಶೆಟ್ಟಿ' ಆಗಿತ್ತು. "ಇವತ್ತು ಶೆಟ್ರು ಎಷ್ಟು ಗಂಟೆಗೆ ಬರ್ತಾರೆ?" ಎಂದು ಕೇಳಿ ಅದಕ್ಕೆ ಸರಿಯಾಗಿ ಚಿಮಿಣಿ ಒರೆಸಿಡುತ್ತಿದ್ದಳು. ಕರೆಂಟಿಗಿಂತ ಶೆಟ್ಟರು ಹೆಚ್ಚು ನಂಬಿಕಸ್ಥರಾಗಿದ್ದರು.

ಪತ್ರಿಕೆಯವರು ಇದನ್ನು 'ವಿದ್ಯುತ್ ಕಡಿತ' ಎಂದರು. 'ಹೊರೆ ಇಳಿಕೆ' ಎನ್ನಲಿಲ್ಲ. ಇದು ಭಾಷಾಂತರದ ಸೋಲು ಅಂತ ನನಗನ್ನಿಸುವುದಿಲ್ಲ. ನಿಂತಿರುವ ಜಾಗವೇ ಬೇರೆ. ಕಡಿತ ಎನ್ನುವವನು ಮನೆಯೊಳಗೆ ಕತ್ತಲಲ್ಲಿ ಕೂತವನು. ಶೆಡ್ಡಿಂಗ್ ಎನ್ನುವವನು ಕಂಟ್ರೋಲ್ ರೂಮಿನಲ್ಲಿ ಕೂತವನು, ಅವನ ತಲೆಯ ಮೇಲಿನ ಭಾರ ನಾವು. ನಮ್ಮ ಫ್ಯಾನು, ನಮ್ಮ ಪಂಪು, ಗ್ರೈಂಡರಿನಲ್ಲಿ ತಿರುಗುವ ನಾಳೆಯ ದೋಸೆಹಿಟ್ಟು, ಎಲ್ಲವೂ. ದರ ಏರಿದಾಗ ಹೊರೆ ನಮ್ಮ ಮೇಲೆ. ಸ್ವಿಚ್ ಹಾಕಿದಾಗ ನಾವೇ ಹೊರೆ. ಇದಕ್ಕಿಂತ ಮಜವಾದದ್ದು ಇನ್ನೊಂದಿದೆ. ಸಬ್‌ಸ್ಟೇಶನಿನಿಂದ ಊರಿಗೆ ಹೊರಡುವ 11 ಕೆ.ವಿ. ಲೈನಿಗೆ ಇಂಜಿನಿಯರರು ಇಟ್ಟ ಹೆಸರು ಫೀಡರ್. ಉಣಿಸುವುದು, ಎಂದರೆ ಹೊರೆಯುವುದು. ಲೈನಿನ ಈ ತುದಿಯಲ್ಲಿ ಪೊರೆ, ಆ ತುದಿಯಲ್ಲಿ ಪೊಱೆ. ಬಂಡಿ ರ ಹೋದದ್ದರಿಂದ ಕನ್ನಡದಲ್ಲಿ ಎರಡೂ ತುದಿಗೆ ಒಂದೇ ಹೆಸರು ಸಾಕು.

ಉಗ್ರಾಣಕ್ಕೆ ಮರಳುತ್ತೇನೆ. ಹೊರೆಕಾಣಿಕೆಯ ಕಷ್ಟ ಏನೆಂದರೆ ಕೊಡುವವರನ್ನು ಇಂಥದೇ ಕೊಡಿ ಎನ್ನಲು ಬರುವುದಿಲ್ಲ. ಬೆಳೆದದ್ದನ್ನು ತರುತ್ತಾರೆ. ಸೌತೆ ಆಗುವ ತಿಂಗಳಿನಲ್ಲಿ ಎಲ್ಲರ ಗದ್ದೆಯಲ್ಲೂ ಸೌತೆಯೇ. ಬಸಳೆ ಬಂದರೆ ಸಂಜೆಯೊಳಗೆ ಬಾಡುತ್ತದೆ. ಸುವರ್ಣಗೆಡ್ಡೆ ಬಂದರೆ ವಾರಗಟ್ಟಲೆ ಮೂಲೆಯಲ್ಲಿ ಕೂತಿರುತ್ತದೆ, ಅಕ್ಕಿ ವರ್ಷವಾದರೂ ಅಲುಗುವುದಿಲ್ಲ. ಉಣ್ಣಲು ಬರುವವರು ಮಾತ್ರ ಇದು ಯಾವುದನ್ನೂ ನೋಡಿ ಬರುವವರಲ್ಲ. ಒಂದು ಗಂಟೆಗೆ ಹಂತಿ ಹಾಕಿದರೆ ಒಂದು ಗಂಟೆಗೇ ಅನ್ನ ಬೀಳಬೇಕು.

ಕರ್ನಾಟಕದ ಕರೆಂಟಿನ ಉಗ್ರಾಣವೂ ಕಳೆದ ಹತ್ತು ವರ್ಷದಲ್ಲಿ ಹೀಗೇ ಆಯಿತು. ತುಮಕೂರು ಜಿಲ್ಲೆಯ ಪಾವಗಡದಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ 2050 ಮೆಗಾವ್ಯಾಟಿನ ಸೋಲಾರ್ ಪಾರ್ಕು. ಚಿತ್ರದುರ್ಗ, ಗದಗದ ಗುಡ್ಡಗಳ ಮೇಲೆ ಗಾಳಿಯಂತ್ರ. ಮಧ್ಯಾಹ್ನ ಹನ್ನೆರಡಕ್ಕೆ ಪಿಕಪ್ಪಿನ ಮೇಲೆ ಪಿಕಪ್ಪು ಸೌತೆಕಾಯಿ ಬಂದು ಬೀಳುತ್ತದೆ. ಸಂಜೆ ಆರೂವರೆಗೆ, ಸರಿಯಾಗಿ ಮನೆಮನೆಯಲ್ಲಿ ದೀಪ ಹಾಕುವ ಹೊತ್ತಿಗೆ, ಪಿಕಪ್ಪುಗಳೆಲ್ಲ ವಾಪಸು. ಆಗ ಯಾರೋ ಓಡಿಬಂದು ಹೊರೆಗೆ ತಲೆ ಕೊಡಬೇಕು. ಕಲ್ಲಿದ್ದಲಿನ ಸ್ಥಾವರ ಓಡುವ ಆಸಾಮಿಯಲ್ಲ, ಬಿಸಿಯಾಗಲೇ ಅದಕ್ಕೆ ಗಂಟೆಗಟ್ಟಲೆ ಬೇಕು. ಅಣುಸ್ಥಾವರ ಒಂದೇ ನಡಿಗೆಯದ್ದು. ಓಡುವುದು ನೀರು ಮಾತ್ರ. ಗೇಟು ತೆಗೆದ ಕೆಲವೇ ನಿಮಿಷದಲ್ಲಿ ಶರಾವತಿ ಪೂರ್ತಿ ಹೊರೆ ಹೊರುತ್ತಾಳೆ. ಒಂದು ಕಾಲದಲ್ಲಿ ರಾಜ್ಯಕ್ಕೆ ಅನ್ನವಾಗಿದ್ದ ನೀರು ಈಗ ಉಪ್ಪಿನಕಾಯಿ ಭರಣಿಯ ಹಾಗೆ, ಬೇಕಾದಾಗ ಮಾತ್ರ ಕೈಹಾಕುವ ಸೊತ್ತು.

ಹಗಲಿನ ಸೌತೆಯಿಂದ ಒಂದು ಉಪಕಾರ ಆಗಿದೆ. ಕೃಷಿಪಂಪಿನ ತ್ರೀ ಫೇಸ್ ಕರೆಂಟು ಹಗಲಿಗೆ ಸರಿಯತೊಡಗಿದೆ. ರಾತ್ರಿ ಎರಡು ಗಂಟೆಗೆ ಟಾರ್ಚು ಹಿಡಿದು, ಕಾಲಿನ ಕೆಳಗೆ ಕನ್ನಡಿ ಹಾವು ಇದೆಯೋ ಎಂದು ನೋಡುತ್ತಾ, ಪಂಪು ಹಾಕಲು ತೋಟಕ್ಕಿಳಿದವರಿಗೆ ಇದರ ಬೆಲೆ ಗೊತ್ತು.

ಭಾರ ಹೊತ್ತವನು ತತ್ತರಿಸದಿರಲು ಮೈಯಲ್ಲೂ ಸ್ವಲ್ಪ ತೂಕ ಬೇಕು. ಬೀಸುಕಲ್ಲಿನಿಂದ ಕೈ ತೆಗೆದರೂ ಅದು ಒಂದೆರಡು ಸುತ್ತು ತಾನೇ ತಿರುಗುತ್ತದೆ. ಟರ್ಬೈನುಗಳೂ ಹಾಗೆ: ಎಲ್ಲೋ ಒಂದು ಸ್ಥಾವರ ತಟಕ್ಕನೆ ನಿಂತರೂ ಉಳಿದವುಗಳ ತಿರುಗುವ ತೂಕವೇ ಕೆಲವು ಸೆಕೆಂಡು ಹೊರೆಯನ್ನು ತಡೆದುಕೊಳ್ಳುತ್ತದೆ, ಅಷ್ಟರಲ್ಲಿ ಸುಧಾರಿಸಿಕೊಳ್ಳಬಹುದು. ಸೋಲಾರ್ ಹಲಗೆಯಲ್ಲಿ ತಿರುಗುವಂಥದ್ದು ಏನೂ ಇಲ್ಲ. ಆ ಪಾಲು ಏರಿದಷ್ಟೂ ಹೊರುವವನ ಮೈ ಹಗುರ. ಅದಕ್ಕೆ ಮದ್ದು ಇಲ್ಲವೆಂದಲ್ಲ. ಬ್ಯಾಟರಿ, ಹೊಸ ಬಗೆಯ ಇನ್ವರ್ಟರು ಬಂದಿವೆ. 2025ರ ಏಪ್ರಿಲ್ 28ರ ಮಧ್ಯಾಹ್ನ ಸ್ಪೇನ್ ಮತ್ತು ಪೋರ್ಚುಗಲ್ ಪೂರ್ತಿ ಕತ್ತಲಾದಾಗ ಎಲ್ಲರೂ ಸೋಲಾರಿನ ಕಡೆ ಬೆರಳು ತೋರಿಸಿದರು. ತನಿಖೆಯಲ್ಲಿ ಕಂಡದ್ದು ಬೇರೆ: ವೋಲ್ಟೇಜು ಏರುತ್ತಾ ಹೋಗಿ, ಅದರ ಹೆದರಿಕೆಗೆ ಒಂದರ ಹಿಂದೊಂದು ಸ್ಥಾವರ ಕಳಚಿಕೊಂಡಿತ್ತು. ನಮಗೆ ವೋಲ್ಟೇಜು ಎಂದರೆ ಫೆಬ್ರವರಿಯಿಂದ ಮೇ ತನಕ ಎಲ್ಲ ತೋಟದ ಸ್ಪ್ರಿಂಕ್ಲರು ತಿರುಗುವಾಗ ಇಳಿಯುವಂಥದ್ದು. ಅದು ಏರಿಯೂ ಕೆಡಿಸುತ್ತದೆ ಎಂಬುದು ಪಂಪೆಲ್ಲ ನಿಂತ ನಡುರಾತ್ರಿ ಬಲ್ಬು ಹೊಟ್ಟಿದವರಿಗೆ ಮಾತ್ರ ಗೊತ್ತು. ಹೊರೆ ಕಡಿಮೆಯಾದರೂ ಕಷ್ಟವೇ.

ಅದನ್ನು ಇಡೀ ದೇಶ ಒಮ್ಮೆ ಪರೀಕ್ಷೆ ಮಾಡಿ ನೋಡಿತು. 2020ರ ಏಪ್ರಿಲ್ 5, ರಾತ್ರಿ 9 ಗಂಟೆ, 9 ನಿಮಿಷ. ಕೊರೋನಾದ ಲಾಕ್‌ಡೌನಿನಲ್ಲಿ ದೀಪ ಆರಿಸಿ ಹಣತೆ ಹಚ್ಚಿ ಎಂದು ಪ್ರಧಾನಿ ಹೇಳಿದ್ದರು. ನಾವೂ ಅಂಗಳದಲ್ಲಿ ಸಾಲು ಹಣತೆ ಇಟ್ಟೆವು. 12ರಿಂದ 14 ಸಾವಿರ ಮೆಗಾವ್ಯಾಟ್ ಇಳಿದೀತೆಂದು ಗ್ರಿಡ್ ನೋಡಿಕೊಳ್ಳುವವರ ಅಂದಾಜು. ಇಳಿದದ್ದು 31,089. ಸಾವಿರ ಎಲೆಗೆ ಅಡುಗೆ ಮಾಡಿ ಕೂತಾಗ ಹಂತಿಯಿಂದ ಕಾಲುಭಾಗ ಜನ ಎದ್ದುಹೋದ ಹಾಗೆ. ಆ ರಾತ್ರಿ ಹೊರೆಯ ಏರಿಳಿತಕ್ಕೆ ಸರಿಯಾಗಿ ಹೆಜ್ಜೆ ಹಾಕಿದ್ದು ದೇಶದ ಜಲವಿದ್ಯುತ್ ಕೇಂದ್ರಗಳು. ಮೊದಲೇ ಏರಿಸಿಟ್ಟುಕೊಂಡು, ಒಂಬತ್ತಕ್ಕೆ ಸರಸರ ಇಳಿಸಿ, ಒಂಬತ್ತೂ ಹತ್ತಕ್ಕೆ ಮತ್ತೆ ಏರಿಸಿದರು. ನಮ್ಮ ಅಂಗಳದ ಹಣತೆಗೆ ಇದು ಯಾವುದೂ ತಿಳಿಯದು.

ಹಾಗಾದರೆ ಮಧ್ಯಾಹ್ನದ ಸೌತೆಯನ್ನು ಸಂಜೆಗೆ ಇಡುವುದು ಹೇಗೆ? ನಮ್ಮ ಅಡುಗೆಮನೆಯ ಮಾಡಿನ ಅಡ್ಡಕ್ಕೆ ಬಾಳೆನಾರಿನಲ್ಲಿ ಕಟ್ಟಿದ ಸೌತೆಕಾಯಿಗಳು ಈಗಲೂ ಸಾಲಾಗಿ ತೂಗುತ್ತವೆ. ಕೆಳಗಿಟ್ಟರೆ ನೆಲ ತಾಗಿದ ಕಡೆ ಕೊಳೆಯುತ್ತದೆ. ತೂಗುಹಾಕಿದರೆ ಒಲೆಯ ಹೊಗೆಗೆ ಒಣಗಿಕೊಂಡು ಆಟಿಯ ಮಳೆಯಲ್ಲೂ ಸಾಂಬಾರಿಗೆ ಸಿಗುತ್ತದೆ. ಹತ್ತು ಕಟ್ಟಿದರೆ ಎರಡು ಹೇಗೂ ಹಾಳು. ಇಂಜಿನಿಯರರ ಲೆಕ್ಕವೂ ಬಹುಮಟ್ಟಿಗೆ ಅದೇ. ಹಗಲಿನ ಕರೆಂಟಿನಲ್ಲಿ ಕೆಳಗಿನ ಅಣೆಕಟ್ಟಿನ ನೀರನ್ನು ಮೇಲಕ್ಕೆ ಪಂಪು ಮಾಡಿ ಸಂಜೆಗೆ ಇಳಿಸಿದರೆ ಹತ್ತರಲ್ಲಿ ಎಂಟು ಪಾಲಿನಷ್ಟು ವಾಪಸು ಸಿಗುತ್ತದೆ. ಗೇರುಸೊಪ್ಪೆ ಮತ್ತು ತಲಕಳಲೆ ಜಲಾಶಯಗಳ ನಡುವೆ 2000 ಮೆಗಾವ್ಯಾಟಿನ ಇಂಥ ಯೋಜನೆಗೆ ಸರ್ಕಾರ ಹೊರಟಿದೆ. ಅಲ್ಲಿರುವುದು ಸಿಂಗಳೀಕಗಳ ಕಾಡು, ಹಾಗಾಗಿ ವಿರೋಧವೂ ಇದೆ. ಮಾಡಿನ ಅಡ್ಡಕ್ಕೂ ಒಂದು ಮರ ಕಡಿಯಲೇಬೇಕಿತ್ತು, ನಿಜ; ಆದರೆ ಶರಾವತಿಯ ಕಣಿವೆ ಇಷ್ಟು ಸಲ ಹೊತ್ತಿದೆ, ಪ್ರತಿ ಸಲವೂ ಅವಳ ತಲೆಯೇ ಯಾಕೆ ಎಂದು ಕೇಳುವವರ ಪಕ್ಕದಲ್ಲಿ ನಿಲ್ಲಬೇಕೆನ್ನಿಸುತ್ತದೆ ನನಗೆ.

ಇನ್ನು ಮೂರನೆಯ ಹೊರೆ, ನೆರೆಹೊರೆಯದ್ದು. 2012ರ ಜುಲೈ 30 ಮತ್ತು 31ಕ್ಕೆ ಉತ್ತರ ಭಾರತದ ಗ್ರಿಡ್ಡು ಎರಡು ಸಲ ಕುಸಿದು 60 ಕೋಟಿಗೂ ಹೆಚ್ಚು ಜನ ಕತ್ತಲಲ್ಲಿ ಕೂತರು. ನಮಗೆ ಏನೂ ಆಗಲಿಲ್ಲ. ದಕ್ಷಿಣದ ಗ್ರಿಡ್ಡು ಆಗ ಬೇರೆಯೇ ನಾಡಿಯಲ್ಲಿ ಮಿಡಿಯುತ್ತಿತ್ತು. ಉತ್ತರದ ಜೊತೆ ಸಂಬಂಧ ಡಿ.ಸಿ. ತಂತಿಗಳ ಮೂಲಕ ಮಾತ್ರ, ಬೇಲಿಯ ಮೇಲಿಂದ ಕೈಬದಲು ಮಾಡಿದ ಹಾಗೆ. 2013ರ ಡಿಸೆಂಬರ್ 31ಕ್ಕೆ ರಾಯಚೂರು–ಸೊಲ್ಲಾಪುರದ 765 ಕೆ.ವಿ. ಲೈನು ಸೇರಿ ದೇಶಕ್ಕೆಲ್ಲ ಒಂದೇ ನಾಡಿಯಾಯಿತು. ಬೇಲಿ ತೆಗೆದರೆ ಅಪಾಯವೂ ಹಂಚಿಕೆ, ಉಪಕಾರವೂ ಹಂಚಿಕೆ. 2023ರಲ್ಲಿ ಮಳೆ ಹೋಗಿ ಅಕ್ಟೋಬರಿನಲ್ಲೇ ಕರ್ನಾಟಕ ಬಾಯಿ ಬಿಟ್ಟಾಗ ಉತ್ತರ ಪ್ರದೇಶ, ಪಂಜಾಬಿನಿಂದ ಕರೆಂಟು ತಂದದ್ದು ಸಾಲವಾಗಿ, ಆಮೇಲೆ ಕರೆಂಟಿನಲ್ಲೇ ವಾಪಸು ಕೊಡುವ ಮಾತಿನ ಮೇಲೆ. ಪಕ್ಕದ ಮನೆಯಿಂದ ಒಂದು ಸೇರು ಅಕ್ಕಿ ಕಡ ತಂದ ಹಾಗೆ, ಮನೆ ಸ್ವಲ್ಪ ದೂರ ಅಷ್ಟೆ.

ವಿಟ್ಲದಿಂದ ಗಡಿ ದೂರವಿಲ್ಲ. ಅಡ್ಯನಡ್ಕ ಕಳೆದು ಸಾರಡ್ಕ ದಾಟಿದರೆ ಕಾಸರಗೋಡು ಜಿಲ್ಲೆ. ಕೊಣಾಜೆಯಿಂದ ಮಂಜೇಶ್ವರಕ್ಕೆ 110 ಕೆ.ವಿ. ಲೈನು ಮೊದಲೇ ಇದೆ. 1956ರಲ್ಲಿ ನಕ್ಷೆಯಲ್ಲಿ ಗೆರೆ ಬಿದ್ದರೂ ತಂತಿಗೆ ಅದು ತಾಗಲಿಲ್ಲ. ಈಗಿನ ತಕರಾರು ಹೊಸದು. ಎಲ್ಲೂರಿನಿಂದ ಕಾಸರಗೋಡಿನ ಕರಿಂದಳಕ್ಕೆ ಸುಮಾರು 115 ಕಿಲೋಮೀಟರಿನ 400 ಕೆ.ವಿ. ಮಾರ್ಗ ಯೋಜನೆಯಾಗಿ ಮೂಡುಬಿದಿರೆ, ಬಂಟ್ವಾಳ, ವಿಟ್ಲದ ತೋಟಗಳ ಮೇಲೆ ಅದರ ಗೆರೆ ಬಿತ್ತು. ಉತ್ತರ ಕೇರಳಕ್ಕೆ ಬಲವಾದ ಸಂಪರ್ಕ ಬೇಕಿತ್ತು, ಅದು ಸುಳ್ಳಲ್ಲ. ಆದರೆ ಅಷ್ಟು ದೊಡ್ಡ ಲೈನಿನ ಕೆಳಗೆ 46 ಮೀಟರ್ ಅಗಲಕ್ಕೆ ಎತ್ತರದ ಮರ ಇರಬಾರದು. ಅಡಿಕೆ ಮರ ಕುಳ್ಳಾಗಿ ಬೆಳೆಯುವ ಜಾತಿಯದ್ದಲ್ಲ. 1956ರಲ್ಲಿ ವಿಟ್ಲದಲ್ಲೇ ಅಡಿಕೆ ಸಂಶೋಧನಾ ಕೇಂದ್ರ ತೆರೆದಷ್ಟು ಅಡಿಕೆಯ ಸೀಮೆ ಇದು. ಗಿಡ ನೆಟ್ಟು ಫಸಲು ಕೈಗೆ ಬರಲು ಆರೇಳು ವರ್ಷ, ತೋಟ ತೋಟವಾಗಲು ಒಂದು ತಲೆಮಾರು.

ಜಾಗ ಸ್ವಾಧೀನ ಮಾಡಿಕೊಳ್ಳದೆಯೇ ಕಂಬ ನಿಲ್ಲಿಸುವ ಅಧಿಕಾರ ಬಂದದ್ದು 1885ರ ಟೆಲಿಗ್ರಾಫ್ ಕಾಯ್ದೆಯಿಂದ. 2003ರ ವಿದ್ಯುಚ್ಛಕ್ತಿ ಕಾಯ್ದೆ ಅದನ್ನು ಕರೆಂಟಿಗೂ ಹಚ್ಚಿತು. ಕನ್ನಡದಲ್ಲಿ ಟೆಲಿಗ್ರಾಮಿಗೂ ತಂತಿ, ವಯರಿಗೂ ತಂತಿ. ಕಾಯ್ದೆಯವರು ಕನ್ನಡದಲ್ಲಿ ಯೋಚಿಸಿದರೋ ಏನೋ! 2013ರಲ್ಲಿ ಆ ತಂತಿ ಸೇವೆ ನಿಂತೇ ಹೋಯಿತು, ಅದರ ಬಲ ಮಾತ್ರ ಈ ತಂತಿಯಲ್ಲಿ ಉಳಿಯಿತು. ನೆಲ ರೈತನ ಹೆಸರಿನಲ್ಲೇ ಇರುತ್ತದೆ, ತೆರಿಗೆಯನ್ನೂ ಅವನೇ ಕಟ್ಟುತ್ತಾನೆ, ಮರ ಮಾತ್ರ ಇರುವುದಿಲ್ಲ. ರೈತರು ತೋಟದ ಬದಿಯಲ್ಲಿ ಸರ್ವೆಯವರನ್ನು ತಡೆದರು, ತಾಲೂಕು ಕಚೇರಿಯ ಮುಂದೆ ಕೂತರು. ಅಲ್ಲಿ ಒಬ್ಬ ಹಿರಿಯರು ಹೇಳಿದ್ದು ಇಷ್ಟು: "ಕರೆಂಟು ಕೊಡುವುದು ಬೇಡ ಅಂತ ಅಲ್ಲ. ಹೊರುವವ ಯಾರು ಅಂತ ನಮ್ಮತ್ರ ಒಮ್ಮೆ ಕೇಳಬಹುದಿತ್ತಲ್ಲ." ಸರಿಯಾದ ಮಾತು. ಹೊರೆಕಾಣಿಕೆಗೂ ಊರಿಗೆಲ್ಲ ಆಮಂತ್ರಣ ಹೋಗುತ್ತದೆ. ಪರಿಹಾರವನ್ನು ಮರದ ಲೆಕ್ಕಕ್ಕೆ ಒಮ್ಮೆ ಎಸೆದು ಕೈ ತೊಳೆಯುವ ಬದಲು, ಪಾವಗಡದ ಜಮೀನಿಗೆ ಕೊಟ್ಟ ಹಾಗೆ ವರ್ಷವರ್ಷದ ಬಾಡಿಗೆ ಕೊಟ್ಟಿದ್ದರೆ ಸಿಟ್ಟು ಅರ್ಧ ಇಳಿಯುತ್ತಿತ್ತು ಎಂದು ನನ್ನ ಲೆಕ್ಕ.

ಹೊರೆಯೇ ಇಲ್ಲದ ದಾರಿಯನ್ನೂ ಈ ಊರು ಬಲ್ಲದು. ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಗುಡ್ಡಕ್ಕೆ ಅಡ್ಡಲಾಗಿ ಸುರಂಗ ಕೊರೆದರು. ಹಲವು ಸಲ ಸೋತು ಕಡೆಗೆ ನೀರು ಕಂಡು, ಬೋಳು ಗುಡ್ಡದಲ್ಲಿ ತೋಟ ಮಾಡಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಸುರಂಗದ ನೀರು ತಾನೇ ಇಳಿದು ಬರುತ್ತದೆ. ಪಂಪಿಲ್ಲ, ಫೇಸಿಲ್ಲ, ಗ್ರಿಡ್ಡಿನ ಲೆಕ್ಕದಲ್ಲಿ ಅದು ಸೊನ್ನೆ. ಹೊರೆ ಇದ್ದೂ ಇಳಿಸಿಡುವ ದಾರಿ ಇನ್ನೊಂದು: ಗಡಿಯಾಚೆಯ ಮಲಯಾಳದಲ್ಲಿ ಹಳೆಯ ಕಾಲುದಾರಿಗಳ ಬದಿಯಲ್ಲಿ ಎರಡು ಕಂಬದ ಕಲ್ಲಿನ ಮೇಲೆ ಭುಜದೆತ್ತರಕ್ಕೆ ಒಂದು ಅಡ್ಡಗಲ್ಲು ಇರುತ್ತಿತ್ತು, ಅತ್ತಾಣಿ ಎಂದು. ಒಂಟಿಯಾಗಿ ಬಂದವನು ಇನ್ನೊಬ್ಬರ ಕೈ ಕಾಯದೆ ತಲೆಯ ಹೊರೆಯನ್ನು ಅದಕ್ಕೆ ಸರಿಸಿ ಉಸಿರು ಬಿಡಬಹುದು, ಮತ್ತೆ ತಾನೇ ತಲೆ ಕೊಟ್ಟು ಎತ್ತಿಕೊಳ್ಳಬಹುದು. ಬ್ಯಾಟರಿಗೆ ಕನ್ನಡದಲ್ಲಿ ಪದ ಹುಡುಕುವವರು ಈ ಕಲ್ಲಿನ ಮುಂದೆ ಒಂದು ಗಳಿಗೆ ನಿಲ್ಲಲಿ.

ನಮ್ಮ ನೆರೆಮನೆಯವರು ಮಾಡಿಗೆ ಸೋಲಾರ್ ಹಲಗೆ ಹಾಕಿಸಿ ತಿಂಗಳಾಗಿತ್ತು. ಉರಿಬಿಸಿಲಿನ ಮಧ್ಯಾಹ್ನ ಕರೆಂಟು ಹೋಯಿತು. ಅವರ ಮನೆಯಲ್ಲೂ ಹೋಯಿತು. ಬೇಲಿಯ ಹತ್ತಿರ ಬಂದು ನಿಂತರು. "ಸೂರ್ಯ ಇದ್ದಾನೆ, ಹಲಗೆ ಇದೆ, ಫ್ಯಾನು ತಿರುಗುದಿಲ್ಲ. ಇದೆಂತ ಕತೆ ಅಣ್ಣ?" ನಾನು ತಿಳಿದಷ್ಟು ಹೇಳಿದೆ: ಬ್ಯಾಟರಿ ಇಲ್ಲದೆ ಗ್ರಿಡ್ಡಿಗೆ ಕಟ್ಟಿದ ಇನ್ವರ್ಟರು ಗ್ರಿಡ್ಡಿನ ನಾಡಿ ಹಿಡಿದೇ ಮಿಡಿಯುವುದು. ಆ ನಾಡಿ ನಿಂತರೆ ಅದೂ ನಿಲ್ಲಬೇಕು. ಇಲ್ಲವಾದರೆ, ಲೈನು ಸತ್ತಿದೆ ಎಂದು ಕಂಬ ಹತ್ತಿದವನಿಗೆ ಇವರ ಮಾಡಿನಿಂದ ಶಾಕು. ಅವರು ಸ್ವಲ್ಪ ಹೊತ್ತು ಕಂಬವನ್ನೇ ನೋಡಿದರು. "ಹಾಗಾದ್ರೆ ನಿಂತದ್ದೇ ಒಳ್ಳೇದಾಯ್ತು" ಎಂದರು.

ದೊಡ್ಡ ಗ್ರಿಡ್ಡು ಬಿದ್ದು ನಮ್ಮಲ್ಲಿ ಕರೆಂಟು ಹೋದದ್ದು ನನ್ನ ನೆನಪಿನಲ್ಲಿ ಇಲ್ಲ. ಹಲಸಿನ ಗೆಲ್ಲು ಬಿದ್ದು ಹೋದದ್ದಕ್ಕೆ ಲೆಕ್ಕವಿಲ್ಲ. ಪಾವಗಡದ ಬಿಸಿಲು, ಶರಾವತಿಯ ನೀರು, ಎಲ್ಲೂರಿನ ಬೆಂಕಿ ಎಲ್ಲ ಕೂಡಿ ನೂರಾರು ಮೈಲು ಹಾದು ಬಂದ ಕರೆಂಟು ಕಡೆಯ ಇನ್ನೂರು ಗಜದಲ್ಲಿ ಒಂದು ಮರಕ್ಕೆ ಸಿಕ್ಕಿ ನಿಲ್ಲುತ್ತದೆ. ಕಳೆದ ಮೇ ತಿಂಗಳಲ್ಲೂ ಅದೇ. ಸಂಜೆ ನಾಲ್ಕಕ್ಕೆ ಗಾಳಿ, ಗುಡುಗು, ಎರಡು ಹನಿ ಮಳೆ. ಎರಡು ದಿನ ಕತ್ತಲೆ. ತೋಟ ಬಾಡುತ್ತಿತ್ತು. ಮೂರನೆಯ ಬೆಳಿಗ್ಗೆ ಲೈನ್‌ಮ್ಯಾನ್ ಕಂಬದಿಂದ ಇಳಿದು ಬೆವರು ಒರೆಸಿಕೊಳ್ಳುವಷ್ಟರಲ್ಲಿ ಟಿ.ಸಿ. ಎಂಬ ಟ್ರಾನ್ಸ್‌ಫಾರ್ಮರಿನಲ್ಲಿ ಪಟ್ಟೆಂದು ಶಬ್ದ. ಫ್ಯೂಸು ಮತ್ತೆ ಹೋಗಿತ್ತು. ಆಟೋ ಸ್ಟಾರ್ಟರು ಇಟ್ಟ ಹದಿನಾರು ಪಂಪುಗಳು ಒಂದೇ ಕ್ಷಣಕ್ಕೆ ಎದ್ದು ನಿಂತಿದ್ದವು.

"ಎಲ್ಲರೂ ಒಟ್ಟಿಗೆ ತಲೆಗೆ ಹಾಕಿದ್ರೆ ಅದು ಹೊರುದು ಹೇಗೆ?" ಎಂದು ಅವನು ಮೇಲೆ ನೋಡುತ್ತಾ ಕೇಳಿದ. ಮತ್ತೆ ಕಂಬ ಹತ್ತಿದ. ನಾನು ಟಿ.ಸಿ.ಯ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಪಂಪು ಆಫ್ ಮಾಡಿ ಎಂದು ಬರೆದೆ. ನೆಟ್‌ವರ್ಕ್ ಇಲ್ಲದವರಿಗೆ ಮಗನನ್ನು ಓಡಿಸಿದೆ. ಒಂಬತ್ತು ಗಂಟೆಗೆ ಲೈನು ಚಾರ್ಜಾಯಿತು. ಮೊದಲು ಗುಡ್ಡೆಯ ತುದಿಯ ಮನೆ, ಅವರದ್ದು ಕುಡಿಯುವ ನೀರಿನ ಪಂಪು. ಹತ್ತು ನಿಮಿಷ ಬಿಟ್ಟು ಅದರ ಕೆಳಗಿನವರು. ನನ್ನದು ಹನ್ನೊಂದನೆಯದ್ದು. ಸ್ಟಾರ್ಟರಿನ ಪಚ್ಚೆ ಗುಂಡಿ ಒತ್ತಿ, ಆಂಪಿಯರ್ ಮುಳ್ಳು ಒಮ್ಮೆ ಬಲಕ್ಕೆ ಹಾರಿ ವಾಪಸು ಬಂದು ನಿಲ್ಲುವುದನ್ನು ನೋಡುತ್ತಿರುವಾಗ ಬೇಲಿಯಾಚೆಯಿಂದ ಕೂಗು ಕೇಳಿತು.

"ನಿಮ್ಮದು ಆಯ್ತಾ ಅಣ್ಣ? ಇನ್ನು ನಾನು ಹಾಕುದಾ?"